ಫೀಸಿಗೆಂದು ಇಟ್ಟ ದುಡ್ಡು

ಅಕ್ಕೂರಿನ ಕಾವೇರಮ್ಮನಿಗೆ ಗಂಡ ಮಾಡಿಕೊಂಡ ಎಡವಟ್ಟು ಗೊತ್ತಾದದ್ದು ರೇಷ್ಮೆ ಹುಳು ಕೊನೆಯ ಜ್ವರದಿಂದ ಎದ್ದ ಬೆಳಿಗ್ಗೆ. ಪೊರೆ ಬಿಡಲು ಮೇವು ಬಿಟ್ಟು ಮಲಗಿ ಎದ್ದ ಹುಳುಗಳಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅವಳು ಸೊಪ್ಪಿನ ಹೊರೆ ಬಿಚ್ಚುತ್ತಿರುವಾಗ ಗಂಡ ದಾಸಪ್ಪ ಹುಳು ಮನೆಯ ಬಾಗಿಲಲ್ಲಿ ಬಂದು ನಿಂತ. ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ.

‘ಮಗಿನ ಫೀಸಿನ ದುಡ್ಡು ಬ್ಯಾಂಕಲ್ಲಿಲ್ಲ ಕಣೆ.’

‘ಇನ್ನೆಲ್ಲೈತೆ?’

‘ಫಂಡಿಗೆ ಹಾಕ್ಬುಟ್ಟಿದ್ದೆ. ಈಗ ಬಿದ್ದೋಗೈತೆ.’

ಕಾವೇರಮ್ಮ ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಯ ಮೇಲೆ ಹರಡಿಯೇ ತಿರುಗಿದಳು. ಕನಕಪುರದ ನರ್ಸಿಂಗ್ ಕಾಲೇಜಿನಲ್ಲಿ ಮಗಳಿಗೆ ಸೀಟು ಸಿಕ್ಕಿತ್ತು. ತಿಂಗಳ ಕೊನೆಯೊಳಗೆ ಫೀಸು ಕಟ್ಟದಿದ್ದರೆ ಸೀಟು ಮುಂದಿನವರ ಪಾಲು ಎಂದು ಹಿಂದಿನ ದಿನವಷ್ಟೇ ಮೆಸೇಜು ಬಂದಿತ್ತು.

ಕೊರೊನಾ ಇಳಿದ ಮೇಲೆ ಗೂಡಿನ ಬೆಲೆ ಯಾರೂ ಎಣಿಸದಷ್ಟು ಏರಿತ್ತು. ಊರಲ್ಲಿ ಹೊಸ ಬೈಕು, ಹೊಸ ಹುಳು ಮನೆ. ಆ ಸುಗ್ಗಿಯಲ್ಲಿ ಕಾವೇರಮ್ಮ ಮಾತ್ರ ರಾಮನಗರದ ಅಕ್ಬರಿ ಬೇಗಂ ಮನೆಗೆ ಹೋಗಿ ಕೂತಿದ್ದಳು. ಬೇಗಂ ನೂಲು ಬಿಚ್ಚುವ ಕಾರ್ಖಾನೆ ನಡೆಸುತ್ತಿದ್ದ ಹೆಂಗಸು, ಗೂಡಿನ ಮಾರ್ಕೆಟ್ಟಿನಲ್ಲಿ ಪರಿಚಯವಾದವಳು. ಎಷ್ಟೋ ವರ್ಷದಿಂದ ಮ್ಯೂಚುಯಲ್ ಫಂಡಿನಲ್ಲಿ ದುಡ್ಡು ಹಾಕಿ, ಏಳುವುದನ್ನೂ ಬೀಳುವುದನ್ನೂ ನೋಡಿದವಳು.

‘ಯಾವ ಫಂಡು ಒಳ್ಳೇದಕ್ಕಾ?’ ಎಂದು ಕಾವೇರಮ್ಮ ಕೇಳಿದ್ದಕ್ಕೆ ಬೇಗಂ, ‘ಅದು ಆಮೇಲೆ. ಈ ದುಡ್ಡು ನಿಂಗೆ ಯಾವಾಗ ಬೇಕು, ಅದು ಹೇಳು ಮೊದ್ಲು’ ಎಂದಿದ್ದಳು. ಫಂಡಿನವರು ಸಾವಿರಾರು ಜನರ ದುಡ್ಡು ಒಟ್ಟುಮಾಡಿ ಹತ್ತಾರು ಕಂಪನಿಗಳ ಶೇರು ಕೊಳ್ಳುತ್ತಾರೆ; ಶೇರು ಬಿದ್ದರೆ ಫಂಡೂ ಬೀಳುತ್ತದೆ; ಎದ್ದೇಳುವವರೆಗೂ ಕಾಯಲು ಪುರುಸೊತ್ತಿರುವ ದುಡ್ಡನ್ನಷ್ಟೇ ಅಲ್ಲಿ ಇಡಬೇಕು ಎಂದು ಬಿಡಿಸಿ ಹೇಳಿದ್ದಳು. ಅದರಂತೆ ಮಗಳ ಓದಿನ ದುಡ್ಡು ಬ್ಯಾಂಕಿನ ಠೇವಣಿಗೆ ಹೋಯಿತು. ಮುಪ್ಪಿಗೆಂದು ತಿಂಗಳಿಗಿಷ್ಟು ಫಂಡಿಗೆ ಹೋಗತೊಡಗಿತು.

ಠೇವಣಿ ಗಂಡನ ಹೆಸರಿನಲ್ಲಿತ್ತು. ಕಾವೇರಮ್ಮ ತಂಗಿಯ ಬಾಣಂತನಕ್ಕೆ ತವರಿಗೆ ಹೋಗಿದ್ದಾಗ, ದಾಸಪ್ಪನ ಸ್ನೇಹಿತ ಹುಚ್ಚಯ್ಯ ಫೋನು ತೆಗೆದು ಸಣ್ಣ ಕಂಪನಿಗಳ ಫಂಡೊಂದು ಹಿಂದಿನ ವರ್ಷ ಏರಿದ್ದನ್ನು ತೋರಿಸಿದ್ದ. ‘ಬ್ಯಾಂಕಲ್ಲಿ ದುಡ್ಡು ಮಲಗಿಸ್ತೀಯಲ್ಲೋ, ಯಾಕ್ಲಾ?’ ಅಷ್ಟು ಸಾಕಾಗಿತ್ತು. ದಾಸಪ್ಪ ಠೇವಣಿ ಮುರಿಸಿದ. ಫಂಡು ಕೆಲವು ವಾರ ಏರಿತು, ಆಮೇಲೆ ಇಳಿಯತೊಡಗಿತು. ಇಳಿದಷ್ಟೂ ಅವನ ಬಾಯಿ ಕಟ್ಟಿತು.

ಈಗ ಹೆಚ್ಚುಕಡಿಮೆ ಕಾಲು ಪಾಲು ಕರಗಿತ್ತು.

‘ಒಸಿ ತಡ್ಕೊ. ಎರಡು ತಿಂಗ್ಳಲ್ಲಿ ಎದ್ದ್ ನಿಂತ್ಕತದೆ ಅಂತಾನೆ ಹುಚ್ಚಯ್ಯ.’

‘ಕಾಲೇಜ್ನೋರು ಎರಡು ತಿಂಗ್ಳು ಕಾಯ್ತಾರಾ?’

‘ಹಂಗಾದ್ರೆ ಮುಪ್ಪಿಂದು ತೆಗೆಯಾನ. ಅದು ಅಷ್ಟೊಂದು ಬಿದ್ದಿಲ್ಲ.’

ಆ ಮಾತಿಗೆ ಕಾವೇರಮ್ಮನ ಮನಸ್ಸು ಒಂದು ಗಳಿಗೆ ವಾಲಿತು. ಆದರೆ ತಿಂಗಳು ತಿಂಗಳು ಕಟ್ಟಿದ್ದೆಲ್ಲ ಕೂಡಿದರೂ ಫೀಸಿನ ಅರ್ಧಕ್ಕೆ ಬರುತ್ತಿರಲಿಲ್ಲ. ಅದನ್ನು ತೆಗೆದರೆ ಮುಪ್ಪಿನದೂ ಹೋಯಿತು, ಫೀಸೂ ಆಗಲಿಲ್ಲ. ಬೇಗಂಗೆ ಫೋನು ಮಾಡಿದಳು.

‘ನಾಳೆ ಏರ್ತದೋ ಇಳೀತದೋ ನಂಗೇನು ಗೊತ್ತಮ್ಮ?’ ಎಂದಳು ಬೇಗಂ. ‘ಮಾರಿದ ಮೇಲೆ ಏರಿದ್ರೆ ನನ್ನ ಬೈಕೋತೀಯ. ನೀವಿಬ್ರೂ ಕೂತು ಯೋಚ್ನೆ ಮಾಡಿ.’

ಮಾರಿದರೂ ದುಡ್ಡು ಖಾತೆಗೆ ಬರಲು ಕೆಲವು ದಿನ ಬೇಕು. ಯೋಚಿಸುತ್ತ ಕೂತರೆ ಆ ದಿನಗಳೂ ಹೋಗುತ್ತವೆ. ದಾಸಪ್ಪ ಫೋನು ಹಿಡಿದು ಜಗುಲಿಯಲ್ಲಿ ಕೂತ. ಬೆರಳು ಮುಂದೆ ಹೋಗಲಿಲ್ಲ. ಮಗಳು ಒಳಗಿನಿಂದ ಬಂದು, ‘ಬುಡವ್ವ, ಮುಂದಿನ್ ವರ್ಷ ಸೇರ್ಕತೀನಿ’ ಎಂದಳು. ದನಿ ಗಟ್ಟಿಯಾಗಿತ್ತು, ಕಣ್ಣು ನೆಲದಲ್ಲಿತ್ತು. ಅದನ್ನು ಕಂಡ ಮೇಲೆ ಕಾವೇರಮ್ಮ ತಡೆಯಲಿಲ್ಲ. ‘ಇಲ್ಲಿ ಕೊಡಿ’ ಎಂದು ಫೋನು ಕಿತ್ತುಕೊಂಡು, ಮಗಳಿಂದ ಓದಿಸಿ, ಫೀಸಿನ ದುಡ್ಡಿದ್ದ ಫಂಡನ್ನು ಮಾರಲು ತಾನೇ ಒತ್ತಿದಳು. ವರ್ಷ ತುಂಬದೆ ತೆಗೆದದ್ದಕ್ಕೆ ಒಂದಿಷ್ಟು ಕಡಿತವೂ ಆಯಿತು.

ಕಮ್ಮಿಬಿದ್ದದ್ದನ್ನು ಇನ್ನು ಹುಳುವೇ ತುಂಬಬೇಕಿತ್ತು. ಅಷ್ಟರಲ್ಲಿ ಪಕ್ಕದ ತೋಟದ ಸರಸಮ್ಮನ ಮನೆಯ ಹುಳುಗಳು ಸಪ್ಪೆ ರೋಗ ಬಂದು ಮೇವು ಮುಟ್ಟದೆ ಸಾಯತೊಡಗಿದವು. ಕಾವೇರಮ್ಮ ಬಾಗಿಲಿಗೆ ಸುಣ್ಣ ಚೆಲ್ಲಿದಳು; ಗಂಡನೂ ಸೇರಿದಂತೆ ಯಾರೂ ಕಾಲು ತೊಳೆಯದೆ ಒಳಗೆ ಬರಕೂಡದೆಂದಳು. ತಟ್ಟೆ ತಟ್ಟೆಯಲ್ಲೂ ಬಗ್ಗಿ ನೋಡುವಳು. ಒಂದು ಹುಳು ಸುಮ್ಮನೆ ಬಿದ್ದಿದ್ದರೂ ಎತ್ತಿ ಹೊರಗೆ ಹಾಕುವಳು. ದಾಸಪ್ಪ ಸೊಪ್ಪು ಕೊಯ್ದು ಹೊತ್ತು ತಂದ. ಇಬ್ಬರ ನಡುವೆ ಆ ದಿನಗಳಲ್ಲಿ ಹುಳುವಿನ ಮಾತು ಬಿಟ್ಟು ಬೇರೆ ಇರಲಿಲ್ಲ.

ಹುಳು ಮೇವು ಮುಗಿಸಿ ಹಣ್ಣಾಗಿ, ಗೂಡು ಕಟ್ಟಲೆಂದು ಇಟ್ಟ ಬಿದಿರಿನ ಚಂದ್ರಿಕೆ ಏರಿದವು, ಗೂಡು ಕಟ್ಟಿದವು. ಕೆಲವು ಗೂಡು ತೆಳುವಾಗಿದ್ದವು. ರಾಮನಗರದ ಮಾರ್ಕೆಟ್ಟಿನಲ್ಲಿ ಹರಾಜು ಮುಗಿದಾಗ ಬೆಲೆ ಹಿಂದಿನ ಬೆಳೆಯಷ್ಟು ಬಂದಿರಲಿಲ್ಲ. ಆದರೂ ಸಾಲುವಷ್ಟು ಬಂತು. ಅಲ್ಲಿಂದಲೇ ಕನಕಪುರದ ಬಸ್ಸು ಹಿಡಿದರು. ಕಾಲೇಜಿನ ಗುಮಾಸ್ತ ರಸೀದಿ ಕೊಟ್ಟ ಮೇಲೆ ಕಾವೇರಮ್ಮ ಹೊರಗಿನ ಮೆಟ್ಟಿಲ ಮೇಲೆ ಕೂತಳು. ದಾಸಪ್ಪ ನೀರಿನ ಬಾಟಲಿ ತಂದು ಪಕ್ಕದಲ್ಲಿ ಇಟ್ಟ.

ದೀಪಾವಳಿಯ ಹೊತ್ತಿಗೆ ಅವರು ಮಾರಿದ ಫಂಡು ಚೇತರಿಸಿಕೊಂಡಿತ್ತು.

‘ನೋಡು, ಒಸಿ ತಡೆದಿದ್ರೆ...’ ಎಂದ ದಾಸಪ್ಪ.

ಅವಳೂ ಒಳಗೊಳಗೇ ಆ ಲೆಕ್ಕ ಹಾಕಿದ್ದಳು. ‘ಎದ್ದದ್ದು ಈಗ ಕಾಣ್ತದೆ’ ಎಂದಳು. ‘ಏಳ್ದೆ ಇದ್ದಿದ್ರೆ? ಅವತ್ತು ಮಗಿನ ಮಕ ನೋಡಿದ್ರಲ್ಲ.’

ಮುಂದಿನ ಬೆಳೆಯ ದುಡ್ಡು ಕೈಗೆ ಬಂದಾಗ ದಾಸಪ್ಪ ತಾನೇ ಬ್ಯಾಂಕಿಗೆ ಹೋಗಿ ಎರಡನೇ ವರ್ಷದ ಫೀಸನ್ನು ಠೇವಣಿಯಿಟ್ಟ, ಇಬ್ಬರ ಹೆಸರಿನಲ್ಲೂ. ಮುಪ್ಪಿಗೆಂದು ಕಟ್ಟುವುದು ನಿಲ್ಲಲಿಲ್ಲ. ಮರುವರ್ಷ ಗೂಡಿನ ಬೆಲೆ ಕುಸಿದಾಗ ಕಂತನ್ನು ಅರ್ಧಕ್ಕೆ ಇಳಿಸಿದರು. ‘ನಿಲ್ಸೋದು ಬ್ಯಾಡ, ಒಸಿ ಆದ್ರೂ ಮುಪ್ಪಿಂದು ಹಿಂಗೇ ಓಗ್ಲಿ ಬುಡಿ’ ಎಂದು ಕಾವೇರಮ್ಮ ಸೊಪ್ಪು ಕೊಯ್ಯಲು ಎದ್ದಳು.