ಊರು ಒಪ್ಪಿದರೂ ಬೆರಳು ಒಪ್ಪಲಿಲ್ಲ

ಕೀನ್ಯಾದ ಗಾರಿಸಾ ಪಟ್ಟಣದಲ್ಲಿ ಹುಟ್ಟಿ, ಅಲ್ಲೇ ನರ್ಸಿಂಗ್ ಓದಿ ತೇರ್ಗಡೆಯಾದ ಉಬಾಹ್ ದಾಹಿರ್, ಕೀನ್ಯಾ ಸರ್ಕಾರದ ಪ್ರಕಾರ ಸೊಮಾಲಿಯಾದಿಂದ ಓಡಿಬಂದ ನಿರಾಶ್ರಿತೆ.

ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಅವಳಿಗೊಂದು ಕೆಲಸ ಕಾದಿತ್ತು. ನೇಮಕಾತಿಯೆಲ್ಲ ಕಂಪ್ಯೂಟರಿಗೆ ಹೋದ ಮೇಲೆ ಗುರುತಿನ ಚೀಟಿಯ ಸಂಖ್ಯೆ ಹಾಕದಿದ್ದರೆ ಅರ್ಜಿಯ ಮೊದಲ ಪುಟವೂ ದಾಟುತ್ತಿರಲಿಲ್ಲ. ಸಿಮ್ಮು, ಬ್ಯಾಂಕು, ವಿಮೆ ಎಲ್ಲವನ್ನೂ ಅದೇ ಸಂಖ್ಯೆಗೆ ಕಟ್ಟಿಹಾಕಲಾಗಿತ್ತು.

ಚೀಟಿ ಕೊಡುವ ಮುನ್ನ, ಕೀನ್ಯಾದಲ್ಲೇ ಹುಟ್ಟಿದ ಸೊಮಾಲಿ ಜನಾಂಗದವರನ್ನೂ ಗಡಿಯಾಚೆಯವರಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಕುಲದ ಹಿರಿಯರ ಮುಂದೆ ನಿಲ್ಲಿಸುತ್ತಿದ್ದರು. ಉಬಾಹ್ ಹೋದ ದಿನ ಕೂತಿದ್ದವರು ಮುದುಕ ಗೇದಿ ಕೊರಾನೆ.

“ಯಾರ ಮಗಳಮ್ಮ? ಹೇಳು ನೋಡೋಣ, ಅಜ್ಜಂದಿರ ಹೆಸರು.”

ಸೊಮಾಲಿ ಮಕ್ಕಳು ನಡಿಗೆಯ ಜೊತೆಗೇ ಕಲಿಯುವ ಪಾಠ ಅದು. ಉಬಾಹ್ ತಡವರಿಸದೆ ಒಪ್ಪಿಸಿದಳು.

“ಸಾಕು, ಸಾಕು! ಆದಮನ ತನಕ ಹೋಗ್ಬೇಡ. ಇವಳ ಅಜ್ಜನೂ ನಾನೂ ಒಂದೇ ಬಾವೀಲಿ ಒಂಟೆಗೆ ನೀರು ಕುಡ್ಸಿದೋರು. ನಮ್ಮ ಹುಡುಗಿ, ಬರ್ಕೊಳಪ್ಪ.”

ಗುಮಾಸ್ತ ಬೆರಳಚ್ಚಿನ ಯಂತ್ರ ಮುಂದಿಟ್ಟ. ಪರದೆ ನೋಡಿ ತುಟಿ ಕಚ್ಚಿದ.

“ನೀವು ಒಪ್ಪಿದ್ರಿ ತಾತ, ಇವಳ ಬೆರಳು ಒಪ್ತಿಲ್ಲ. ನಿರಾಶ್ರಿತರ ಶಿಬಿರದ ಪಟ್ಟೀಲಿದಾಳೆ.”

ಉಬಾಹ್ ಚಿಕ್ಕವಳಿದ್ದಾಗ ಬರ ಬಂದು ಮನೆಯ ಆಡುಗಳೆಲ್ಲ ಸತ್ತಿದ್ದವು. ಶಿಬಿರದಲ್ಲಿ ಹಿಟ್ಟು, ಎಣ್ಣೆ ಹಂಚುತ್ತಿದ್ದರು, ನಿರಾಶ್ರಿತರಿಗೆ ಮಾತ್ರ. ತಾಯಿ ಬಾರ್ಲಿನ್ ಮಗಳ ಕೈಹಿಡಿದು ಸಾಲಿನಲ್ಲಿ ನಿಂತು, ತಾವು ಗಡಿಯಾಚೆಯವರೆಂದಳು. ಸುತ್ತಿನ ಎಷ್ಟೋ ಮನೆಯವರು ಹಾಗೇ ಮಾಡಿದ್ದರು. ಮುಂದೆ ಶಿಬಿರದ ಪಟ್ಟಿಗೂ ಗುರುತಿನ ಚೀಟಿಗೂ ಕೊಂಡಿ ಹಾಕಿದಾಗ, ಅಂದು ಒತ್ತಿದ ಬೆರಳು ಸಿಕ್ಕಿಬಿತ್ತು.

“ಸುಳ್ಳು ಹೇಳೋ ಮುಂಚೆ ನನ್ನನ್ನೊಂದು ಮಾತು ಕೇಳ್ಬಾರ್ದಿತ್ತಾ, ಅಮ್ಮ?”

“ಕೇಳಿದ್ರೆ ಏನಂತಿದ್ದೆ? ಹಸಿವು ಅಂತಿದ್ದೆ. ಬೇರೆ ಮಾತು ಬರ್ತಿತ್ತಾ ನಿಂಗೆ ಆಗ?”

ಪಟ್ಟಿಯಿಂದ ಹೆಸರು ತೆಗೆಸಲು ಉಬಾಹ್ ಅರ್ಜಿ ಕೊಟ್ಟಳು. ಕೇಳಿದಾಗಲೆಲ್ಲ ಗುಮಾಸ್ತನದು ಒಂದೇ ಉತ್ತರ: “ನೈರೋಬಿಯಿಂದ ಆದೇಶ ಬರ್ಬೇಕು.” ಆಸ್ಪತ್ರೆಯ ಮೇಟ್ರನ್ ಜಾಗ ಖಾಲಿ ಇಟ್ಟು ಕಾದರು. “ಈ ತಿಂಗಳು ದಾಟಿದ್ರೆ ನನ್ನ ಕೈಲಿಲ್ಲ ಮಗಳೇ” ಎಂದರು ಕೊನೆಗೆ.

ಉಬಾಹ್ ಶಿಬಿರದ ಬಸ್ಸು ಹತ್ತಿದಳು. ಅಲ್ಲಿನ ಆಸ್ಪತ್ರೆಗೂ ನರ್ಸುಗಳು ಬೇಕಿದ್ದರು, ನಿರಾಶ್ರಿತರ ಪೈಕಿಯವರೇ. ಮೇಲ್ವಿಚಾರಕ ಬೆರಳು ಒತ್ತಿಸಿಕೊಂಡ. ಹೆಸರು ತಟ್ಟನೆ ಬಂತು.

“ನಾಳೆಯಿಂದ್ಲೇ ಬಾ ತಂಗಿ. ಇಲ್ಲೊಂದು ಸಹಿ ಹಾಕು, ಸೊಮಾಲಿಯಾದವಳು ಅಂತ.”

“ಹಾಕಿದ್ರೆ, ಪಟ್ಟಿಯಿಂದ ಹೆಸರು ತೆಗೀರಿ ಅಂತ ಗಾರಿಸಾದಲ್ಲಿ ಕೊಟ್ಟ ಅರ್ಜಿ?”

“ಅದು ಅಲ್ಲಿಗೆ ಮುಗೀತು. ಎರಡು ದೋಣೀಲಿ ಕಾಲಿಡೋಕಾಗುತ್ತಾ?”

“ನಾನಿಟ್ಟಿಲ್ಲಣ್ಣ. ಇಡ್ಸಿದಾರೆ.”

ಅವಳು ಸಹಿ ಹಾಕಲಿಲ್ಲ. ಹೆರಿಗೆ ವಾರ್ಡಿನ ಕೆಲಸ ಆ ತಿಂಗಳ ಕೊನೆಗೆ ಬೇರೆಯವಳ ಪಾಲಾಯಿತು. ಉಬಾಹ್ ಈಗ ಪೇಟೆಯಲ್ಲಿ ತಾಯಿಯ ಜೊತೆ ಒಂಟೆ ಹಾಲು ಮಾರುತ್ತಾಳೆ. ಪ್ರತಿ ಸೋಮವಾರ ಕ್ಯಾನು ತಾಯಿಗೊಪ್ಪಿಸಿ ಗುರುತಿನ ಚೀಟಿಯ ಕಚೇರಿಗೆ ಹೋಗುತ್ತಾಳೆ. ಬಾಗಿಲಲ್ಲಿ ಅವಳನ್ನು ಕಂಡೊಡನೆ ಗುಮಾಸ್ತ ಇಲ್ಲವೆಂದು ತಲೆಯಾಡಿಸುತ್ತಾನೆ.

“ತಲೆ ಆಡಿಸ್ಬೇಡಿ,” ಎನ್ನುತ್ತಾಳೆ ಅವಳು, ಕುರ್ಚಿ ಎಳೆದುಕೊಂಡು. “ಬಾಯಲ್ಲಿ ಹೇಳಿ.”