ತುದಿ ಕೂಡದ ಮೂಳೆ

ಮೊನ್ನೆ ಮನೆಗೆ ಸುಣ್ಣ ಹೊಡೆಸಿದೆವು. ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನಮ್ಮ ತವರಿನ ಪಕ್ಕದ ಮನೆಯಲ್ಲಿದ್ದ ವಿಜ್ಞಾನದ ಮೇಷ್ಟ್ರು ಕಣ್ಣೆದುರು ಬಂದು ನಿಂತರು. ಸತ್ತ ಕೋತಿಗಳ ಮೂಳೆಯನ್ನು ಸುಣ್ಣದ ನೀರಲ್ಲಿ ನೆನೆಹಾಕಿ ಜಗಲಿಯ ಮೇಲೆ ಒಣಗಿಸುತ್ತಿದ್ದ ಪುಣ್ಯಾತ್ಮ ಅವರು! ಹನುಮಪ್ಪನ ಮೂಳೆ ಮುಟ್ಟಿದವನು ಉದ್ಧಾರವಾದಾನೇ ಎಂದು ಬೀದಿಯವರೆಲ್ಲ ಬೈಯುತ್ತಿದ್ದರು.

ನನಗಾಗ ಮದುವೆಯಾಗಿತ್ತು, ಗಂಡನಿಗೆ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ. ತವರಿಗೆ ಬಂದಾಗಲೆಲ್ಲ ಅವರ ಜಗಲಿಯಲ್ಲಿ ಕೂತು ಮಾತು ಕೇಳುತ್ತಿದ್ದೆ. "ನೋಡಮ್ಮ, ಬೆಳೆಯೋ ಮೂಳೆಗೆ ತುದಿ ಬೇರೆ ಇರುತ್ತೆ, ಮುಚ್ಚಳದ ಹಾಗೆ. ಬೆಳೆದು ಮುಗಿದ ಮೇಲೆ ಕೂಡ್ಕೊಳ್ಳುತ್ತೆ" ಎನ್ನುತ್ತಾ ತುದಿ ನೋಡಿಯೇ ಕೋತಿಯ ವಯಸ್ಸು ಹೇಳಿಬಿಡುತ್ತಿದ್ದರು. ಮರಿಯ ತೊಡೆಮೂಳೆ ನನ್ನ ಬೆರಳುದ್ದ ಇದ್ದರೆ ಹೆಚ್ಚು. ಗೇಣಿನ ಹತ್ತಿರ ಬಂದದ್ದೆಲ್ಲ ದೊಡ್ಡ ಕೋತಿಯದು, ತುದಿ ಗಟ್ಟಿಯಾಗಿ ಕೂಡಿರುತ್ತಿತ್ತು.

ಆ ವರ್ಷವೇ ಹಿತ್ತಲಲ್ಲಿ ಆಡುತ್ತಿದ್ದ ನನ್ನ ಕೊನೆಯ ತಮ್ಮ ಕಾಣೆಯಾದ. ಇನ್ನೂ ಎರಡು ತುಂಬಿರಲಿಲ್ಲ ಕಂದನಿಗೆ... ಚಿರತೆ ಎಳೆದುಕೊಂಡು ಹೋಯಿತು ಎಂದರು ಜನ. ಅಮ್ಮ ಒಪ್ಪಲಿಲ್ಲ. ಯಾರೋ ಮಕ್ಕಳಿಲ್ಲದವರು ಎತ್ತಿಕೊಂಡು ಹೋಗಿ ಸಾಕುತ್ತಿದ್ದಾರೆ ಎಂದೇ ನಂಬಿ ಜೀವ ಹಿಡಿದಿದ್ದಳು. ಮಳೆಗಾಲ ಕಳೆದ ಮೇಲೆ ಸೌದೆಯವನೊಬ್ಬ ಕಾಡಿನಿಂದ ಟವಲಿನಲ್ಲಿ ಎರಡು ತೊಡೆಮೂಳೆ ಕಟ್ಟಿಕೊಂಡು ಬಂದ. ಅಮ್ಮ ಗೋಡೆಗೊರಗಿ ಕೂತವಳು ಅನ್ನವಿರಲಿ, ನೀರೂ ಮುಟ್ಟಲಿಲ್ಲ. ಇವಳೂ ಹೋಗಿಬಿಡುತ್ತಾಳೆ ಎಂದು ನನಗೆ ಭಯವಾಗಿ ಮೇಷ್ಟ್ರನ್ನು ಕರೆದೆ.

ಅವರು ಮೂಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಮ್ಮೆ ಅಮ್ಮನ ಮುಖ ನೋಡಿದರು.

"ಕೋತಿ ಮರೀದು ತಾಯಿ. ತುದಿ ಇನ್ನೂ ಕೂಡಿಲ್ಲ. ಏಳಿ, ಊಟ ಮಾಡಿ."

ಅಮ್ಮ ಎದ್ದಳು. ತಾನೇ ಬಡಿಸಿಕೊಂಡು ಉಂಡಳು.

ಕೋತಿ ಸತ್ತರೆ ನಮ್ಮಲ್ಲಿ ಹಾಗೇ ಬಿಸಾಡುವುದುಂಟೇ? ದೇವರು ದಿಂಡರು ಎಂದರೆ ನಗುತ್ತಿದ್ದ ಆ ಮನುಷ್ಯ ತಾವೇ ಮುಂದೆ ನಿಂತು ರಸ್ತೆಯಾಚೆ ಗುಂಡಿ ತೆಗೆಸಿ, ಹಾಲು ತುಪ್ಪ ಬಿಟ್ಟು ಮಣ್ಣು ಮಾಡಿಸಿದರು. ಅಮ್ಮ ದಾಸವಾಳ ಇಟ್ಟು, "ಹನುಮಪ್ಪಾ, ನನ್ನ ಮಗ ಎಲ್ಲಿದ್ರೂ ಕಾಯಪ್ಪಾ" ಎಂದು ಕೈಮುಗಿದಳು. ಆದರೆ ಆ ತೊಡೆಮೂಳೆ ಹೆಚ್ಚುಕಮ್ಮಿ ಗೇಣುದ್ದವಿತ್ತು. ಅಷ್ಟುದ್ದ ಬೆಳೆದೂ ತುದಿ ಕೂಡದ ಕೋತಿ ಯಾವ ಕಾಡಿನಲ್ಲಿದೆ?

ಮುಂದೆ ಅವರಿಗೆ ಭದ್ರಾವತಿಗೇ ವರ್ಗವಾಯಿತು. ಸಂತೆಯಲ್ಲಿ ಸಿಕ್ಕಾಗ ತಡೆದು ಕೇಳಿದೆ.

"ಮೇಷ್ಟ್ರೇ, ನಿಜ ಹೇಳಿ. ಅದು ಕೋತೀದಾ?"

"ನಿಮ್ಮಮ್ಮ ಊಟ ಮಾಡ್ತಿದಾರಾ?"

"ಮಾಡ್ತಿದಾರೆ."

"ಮತ್ತಿನ್ನೇನು ಮಾರಾಯ್ತಿ..." ಎಂದವರು ತಿರುಗಿ ನೋಡದೆ ಹೋದರು. ಭದ್ರಾವತಿಯ ಅವರ ಮನೆಯ ಜಗಲಿಯಲ್ಲಿ ಒಂದು ಮೂಳೆಯನ್ನೂ ನಾನು ಕಾಣಲಿಲ್ಲ.

ಸಾಯುವವರೆಗೂ ಅಮ್ಮ ಬಾಗಿಲಿಗೆ ಅಗುಳಿ ಹಾಕಲಿಲ್ಲ. "ಅವನಿಗೀಗ ಮೀಸೆ ಬಂದಿರುತ್ತೆ ಕಣೇ" ಎನ್ನುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಕಣ್ಣು ಮುಚ್ಚಿದರೆ ಅದೇ ಮೂಳೆ, ಅದೇ ತುದಿ...

ಈಗ ಅಮ್ಮನೂ ಇಲ್ಲ, ಮೇಷ್ಟ್ರೂ ಇಲ್ಲ. ಆ ಮೂಳೆ ಹೂತ ಗುಡ್ಡೆಯ ಮೇಲೆ ಯಾರೋ ಕಲ್ಲು ನೆಟ್ಟು ಕುಂಕುಮ ಹಚ್ಚಿದ್ದಾರೆ. ಓಡಾಡುವವರು ಹನುಮಪ್ಪಾ ಎಂದು ಕೈಮುಗಿದು ಹೋಗುತ್ತಾರೆ. ಸುಣ್ಣ ಹೊಡೆಸಿದ ಮಾರನೆಯ ದಿನ ನಾನೂ ದಾಸವಾಳ ತೆಗೆದುಕೊಂಡು ಹೋದೆ. ಸುತ್ತ ಯಾರೂ ಇಲ್ಲದ್ದು ನೋಡಿ, ನನ್ನ ತಮ್ಮನನ್ನು ಹೆಸರು ಹಿಡಿದು ಕರೆದೆ.