ಎಡಪುಟದ ಹುಳು, ಬಲಪುಟದ ಹಾವು

ನನ್ನ ನೋಟ್‌ಬುಕ್ಕಿನ ಎಡಪುಟ ಅಮ್ಮನ ರೇಷ್ಮೆ ಹುಳುಗಳದ್ದು, ಬಲಪುಟ ನನ್ನ ಹಾವಿನದ್ದು. ಅಮ್ಮನಿಗೆ ಅಂಕಿ ಬಿಟ್ಟರೆ ಅಕ್ಷರ ಬರುವುದಿಲ್ಲವಾದ್ದರಿಂದ ಅವಳು ನೋಡಿ ಹೇಳುವ ಹುಳುಮನೆಯ ಲೆಕ್ಕವನ್ನು ಹೈಸ್ಕೂಲಿನಿಂದಲೂ ನಾನೇ ಬರೆಯುತ್ತಿದ್ದೇನೆ. ಬೆಳಗಿನ ಜಾವ, ಮಧ್ಯಾಹ್ನ, ಸಂಜೆ ಹೀಗೆ ದಿನಕ್ಕೆ ಮೂರು ಸಲ ಶಾಖ, ಎಷ್ಟು ಸಲ ಸೊಪ್ಪು, ಯಾವ ದಿನ ಜ್ವರ. ಹುಳು ಪೊರೆ ಕಳಚುವ ಮುಂಚೆ ತಲೆಯೆತ್ತಿ ಅಲ್ಲಾಡದೆ ಕೂರುವುದಕ್ಕೆ ನಮ್ಮೂರು ಉಡಿಗಾಲದಲ್ಲಿ ಜ್ವರ ಎನ್ನುತ್ತಾರೆ.

ಹಾವು ಬಂದದ್ದು ಗುಂಡ್ಲುಪೇಟೆಯಿಂದ. ಅಲ್ಲಿ ಮೀನು, ಹಕ್ಕಿ ಮಾರುವ ಒಬ್ಬ ಸಾಹೇಬರಿದ್ದಾರೆ. ನಮ್ಮ ಕಾಡಿನ ಹಾವುಗಳನ್ನು ಯಾರೂ ಸಾಕುವಂತಿಲ್ಲ. ಇದು ಹೊರದೇಶದ ಕಿತ್ತಳೆ ಬಣ್ಣದ ಕಾರ್ನ್ ಸ್ನೇಕ್, ಸಾಕಿದವರ ಮನೆಯಲ್ಲೇ ಮೊಟ್ಟೆಯೊಡೆದದ್ದು, ವಿಷವಿಲ್ಲದ್ದು. ಅವರ ಸೊಸೆ ಹೆರಿಗೆಯಾಗಿ ಕೂಸಿನೊಂದಿಗೆ ಮನೆಗೆ ಬರುವುದರೊಳಗೆ ಅದಕ್ಕೊಂದು ಮನೆ ಬೇಕಿತ್ತು. ನನಗೆ ಕೊಡುವಾಗ ಒಂದೇ ಷರತ್ತು ಹಾಕಿದರು. ಹಾವು ಒಂದು ಸಲ ತಿಂದದ್ದನ್ನು ಕಕ್ಕಿದರೆ ಗಂಟಲು ಸುಡುತ್ತದೆ, ಎರಡು ಸಲವಾದರೆ ಸೊರಗುತ್ತದೆ, ಮೂರಾದರೆ ಉಳಿಯುವುದು ಕಷ್ಟ ಎಂದರು.

“ಮೂರನೇ ಸಲ ಆದ್ರೆ ಕಾಯ್ಬೇಡಮ್ಮ, ತಂದ್ಬುಡು. ಈ ತೊಟ್ಟಿ ಖಾಲಿ ಇಟ್ಟಿರ್ತೀನಿ” ಎಂದು ಅಂಗಡಿಯ ಮೂಲೆಯ ಗಾಜಿನ ತೊಟ್ಟಿಯನ್ನು ತೋರಿಸಿದರು. ನಾನು ಒಪ್ಪಿದೆ.

ನಮ್ಮದು ಲಿಂಗ ಕಟ್ಟಿದ ಮನೆ. ಹೆಪ್ಪುಗಟ್ಟಿಸಿದ ಇಲಿಮರಿಗಳ ಡಬ್ಬಿಗೆ ಅಡುಗೆಮನೆಯಲ್ಲಿ ಜಾಗ ಸಿಗಲಿಲ್ಲ. ಅಮ್ಮ ಹಳೆಯ ಫ್ರಿಡ್ಜನ್ನು ಕೊಟ್ಟಿಗೆಗೆ ಸಾಗಿಸಿ, ಅದನ್ನು ಮುಟ್ಟಿದವಳು ಕೈಕಾಲು ತೊಳೆದೇ ಒಳಗೆ ಬರಬೇಕೆಂದಳು. ವಾರಕ್ಕೊಂದು ಊಟ. ಮೊದಲ ಎಂಟು ಊಟ, ಎಂಟೂ ದಕ್ಕಿದವು. ತೂಕ ನಲವತ್ತಾರು ಗ್ರಾಂನಿಂದ ಐವತ್ತೆಂಟಕ್ಕೆ ಏರಿತು. ಪ್ರತಿ ಊಟದ ಮುಂದೆಯೂ ಹಸಿರು ಶಾಯಿಯಲ್ಲಿ ಸರಿ ಗುರುತು ಹಾಕಿದೆ.

ಒಂಬತ್ತನೆಯದನ್ನು ಮಂಗಳವಾರ ತಿಂದ ಹಾವು ಗುರುವಾರ ಬೆಳಿಗ್ಗೆ ಕಕ್ಕಿತ್ತು. ಮಾಗಿಯ ಚಳಿ. ಹಾವಿನ ತೊಟ್ಟಿಯ ಮೂಲೆಯಲ್ಲಿ ಅರ್ಧ ಕರಗಿದ ಇಲಿಮರಿ, ತಡೆಯಲಾರದ ನಾತ. ಕೆಂಪು ಶಾಯಿಯಲ್ಲಿ ಒಂದು ಎಂದು ಬರೆದೆ. ಸಾಹೇಬರಿಗೆ ಹೇಳಲಿಲ್ಲ. ಹೊಟ್ಟೆ ಖಾಲಿಯಾಗಿದೆಯಲ್ಲ ಎಂಬ ಸಂಕಟದಲ್ಲಿ ಭಾನುವಾರವೇ ಮತ್ತೊಂದು ಕೊಟ್ಟೆ, ಅದೂ ಸ್ವಲ್ಪ ದೊಡ್ಡದನ್ನು. ಮಂಗಳವಾರ ಅದೂ ಹೊರಗೆ. ತೂಕ ನಲವತ್ತೊಂಬತ್ತು. “ಏನಮ್ಮಿ, ನಿನ್ನ ನೆಂಟ ಇವತ್ತೂ ಉಂಡಿದ್ದ ವಾಪಸ್ ಕೊಟ್ಬುಟ್ನಾ?” ಎಂದು ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ. ಉಳಿದದ್ದು ಒಂದೇ ಅವಕಾಶ.

ಶನಿವಾರ ಇನ್ನೊಂದು ಇಲಿಮರಿಯನ್ನು ಬಿಸಿನೀರಿನಲ್ಲಿ ಹದ ಮಾಡುತ್ತಿದ್ದೆ. ಹುಳುಮನೆಗೆ ಹೊರಟಿದ್ದ ಅಮ್ಮ ನಿಂತು ನೋಡಿದಳು.

“ಜರದಿಂದ ಏಳ್ದೇ ಇರೋ ಉಳಕ್ಕೆ ಸೊಪ್ಪಾಕಿಯಾ ಕಣಮ್ಮಿ?”

ಹಾಕುವುದಿಲ್ಲ ಎಂದೆ.

“ಮತ್ತೆ ಇದ್ಕ್ಯಾಕೆ ತುರುಕೀಯೆ? ಮೊದ್ಲು ಏಳ್ಲಿ ಬುಡು. ಎದ್ಮೇಲೂ ಎಳೆಸೊಪ್ಪು. ಗಟ್ಟಿ ಎಲೆ ಯಾರಾದ್ರೂ ಆಕ್ದಾರಾ?”

ಆಮೇಲೆ ತೊಟ್ಟಿಯ ತಳಕ್ಕೆ ಅಂಗೈ ಒತ್ತಿ, ಇದು ಕಕ್ಕಿದ ದಿನಗಳಲ್ಲಿ ನಮ್ಮ ಹುಳುಮನೆಯಲ್ಲಿ ಶಾಖ ಎಷ್ಟಿತ್ತು ನೋಡು ಎಂದಳು. ನೋಟ್‌ಬುಕ್ಕು ತೆರೆದೆ. ಬಲಪುಟದಲ್ಲಿ ಹಾವಿನ ತೊಟ್ಟಿಯ ಶಾಖ ಒಂದು ದಿನವೂ ಇಪ್ಪತ್ತೆಂಟಕ್ಕಿಂತ ಕೆಳಗೆ ಇಳಿದಿರಲಿಲ್ಲ, ಯಾಕೆಂದರೆ ನಾನು ಅಳೆಯುತ್ತಿದ್ದದ್ದು ಕಾಲೇಜಿನಿಂದ ಬಂದ ಮೇಲೆ ಸಂಜೆ ಐದಕ್ಕೆ. ಎಡಪುಟದಲ್ಲಿ ಆ ಗುರುವಾರ ಬೆಳಗಿನ ಜಾವ ಹತ್ತೊಂಬತ್ತು, ಪಕ್ಕದಲ್ಲಿ ‘ಕರೆಂಟಿಲ್ಲ, ಕೆಂಡದ ಒಲೆ’. ಮುಂದಿನ ಮಂಗಳವಾರವೂ ಹಾಗೇ. ಕರೆಂಟು ಹೋದಾಗ ಹುಳುಗಳಿಗೆ ಅಮ್ಮ ಕೆಂಡ ಇಟ್ಟಿದ್ದಳು. ಹಾವಿನ ಅಡಿಯ ಕರೆಂಟಿನ ಬಿಸಿಹಾಸು ತಣ್ಣಗಾದದ್ದನ್ನು ಯಾರೂ ನೋಡಿರಲಿಲ್ಲ. ತಣ್ಣಗಾದ ಹೊಟ್ಟೆಯಲ್ಲಿ ಊಟ ಅರಗಿರಲಿಲ್ಲ. ಎರಡು ಪುಟಗಳನ್ನೂ ಬರೆದವಳು ನಾನೇ, ಒಂದು ದಿನವೂ ಅಡ್ಡಕ್ಕೆ ಓದಿರಲಿಲ್ಲ.

ಅಂದೇ ಸಾಹೇಬರಿಗೆ ಫೋನು ಮಾಡಿ ಎರಡೂ ಸಲದ್ದನ್ನು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಹದಿನಾಲ್ಕು ದಿನ ನೀರು ಬಿಟ್ಟು ಏನೂ ಕೊಡಬೇಡ, ಕೈಯಲ್ಲಿ ಎತ್ತಲೂ ಬೇಡ ಎಂದರು. ತಮ್ಮ ಅಂಗಡಿಯ ತೊಟ್ಟಿ ಖಾಲಿಯಾಗೇ ಇದೆ ಎಂದೂ ಸೇರಿಸಿದರು.

ಹುಳುಮನೆಗೆ ಬ್ಲೀಚಿಂಗ್ ಪುಡಿ, ಸುಣ್ಣ ಹೊಡೆಯುವುದರಿಂದ ಹಾವನ್ನು ಅಲ್ಲಿಡುವಂತಿರಲಿಲ್ಲ. ತೊಟ್ಟಿಯ ಸುತ್ತ ಥರ್ಮೋಕೋಲ್ ಕಟ್ಟಿದೆ. ಅಮ್ಮ ಹುಳುಮನೆಗೆ ಹೋಗಲು ಏಳುವಾಗ ನಾನೂ ಎದ್ದು ಶಾಖ ನೋಡಿದೆ. ಕರೆಂಟಿಲ್ಲದ ನಾಲ್ಕು ಬೆಳಗುಗಳಲ್ಲಿ ಬಿಸಿನೀರಿನ ಬಾಟಲಿಗಳಿಗೆ ಹಳೆಯ ಟವೆಲ್ ಸುತ್ತಿ ತೊಟ್ಟಿಗೆ ಆನಿಸಿದೆ. ಅದನ್ನು ಎತ್ತುವಂತಿಲ್ಲವಾದ್ದರಿಂದ ತೂಕದ ಅಂಕಣ ಹದಿನಾಲ್ಕು ದಿನವೂ ಖಾಲಿ. ಖಾಲಿ ಚೌಕಗಳನ್ನು ದಾಟಿಕೊಂಡು ಬರೆಯುವುದು ನನಗೆ ಬಾಟಲಿ ಕಾಯಿಸುವುದಕ್ಕಿಂತ ಕಷ್ಟವಾಗಿತ್ತು. ಒಂಬತ್ತನೇ ದಿನ ಅದರ ಬೆನ್ನಮೂಳೆಯ ಗೆರೆ ಎದ್ದು ಕಂಡಾಗ ಕೊಟ್ಟಿಗೆಯ ಫ್ರಿಡ್ಜಿನವರೆಗೂ ಹೋಗಿ ವಾಪಸ್ ಬಂದೆ.

ಹದಿನೈದನೇ ದಿನ, ಡಬ್ಬಿಯಲ್ಲಿದ್ದವುಗಳಲ್ಲೆಲ್ಲ ಸಣ್ಣದನ್ನು, ಕಿರುಬೆರಳಿನ ಎರಡು ಗೆಣ್ಣಿನಷ್ಟಿದ್ದ ಮರಿಯನ್ನು ಕೊಟ್ಟೆ. ಹಾವು ನುಂಗಿತು. ಮೊದಲ ದಿನ ಏನೂ ಇಲ್ಲ. ಎರಡನೇ ಬೆಳಿಗ್ಗೆ ಮುಚ್ಚಳ ತೆಗೆಯುವ ಮೊದಲು ಮೂಗು ಹಿಡಿದು ನಾತವಿದೆಯೇ ಎಂದು ನೋಡಲು ಹೋಗಿ, ಮೂಗು ಹಿಡಿದರೆ ತಿಳಿಯುವುದು ಹೇಗೆಂದು ಬಿಟ್ಟೆ. ನಾತವಿರಲಿಲ್ಲ. ಐದನೇ ದಿನ ತೊಟ್ಟಿಯಲ್ಲಿ ಹಿಕ್ಕೆ. ಅಷ್ಟು ಸಂತೋಷದಿಂದ ಹಿಕ್ಕೆಯ ಸುದ್ದಿಯನ್ನು ನಮ್ಮ ಮನೆಯಲ್ಲಿ ಯಾರೂ ಕೂಗಿ ಹೇಳಿರಲಿಕ್ಕಿಲ್ಲ.

ಆಮೇಲಿನ ಆರು ಊಟಗಳೂ ದಕ್ಕಿದವು. ತೂಕ ಅರವತ್ತೊಂದು. ಏಳನೆಯದರ ಹಿಂದಿನ ದಿನ, ಹೊಟ್ಟೆ ಖಾಲಿಯಿದ್ದಾಗ, ಹಾವನ್ನು ಬಟ್ಟೆಚೀಲದಲ್ಲಿಟ್ಟು, ಚೀಲವನ್ನು ತೂತಿನ ಡಬ್ಬಿಯಲ್ಲಿಟ್ಟು, ಸ್ಕೂಟರಿನಲ್ಲಿ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಹೋದೆ. ಸಾಹೇಬರು ಹಾವಿಗಿಂತ ಹೆಚ್ಚು ಹೊತ್ತು ನೋಟ್‌ಬುಕ್ಕನ್ನು ನೋಡಿದರು. ಕೆಂಪು ಒಂದು, ಕೆಂಪು ಎರಡು, ಆಮೇಲೆ ಖಾಲಿ ಅಂಕಣ, ಆಮೇಲೆ ಹಸಿರು. ಸಣ್ಣ ಮರಿಯಿಂದ ಶುರು ಮಾಡು ಎಂದು ತಾವು ಹೇಳುವುದನ್ನೇ ಮರೆತಿದ್ದರಂತೆ, ಅದನ್ನು ಯಾವ ಡಾಕ್ಟರು ಹೇಳಿದರು ಎಂದು ಕೇಳಿದರು.

“ನಮ್ಮಮ್ಮ. ಹುಳ ಸಾಕ್ತಾರೆ” ಎಂದೆ. ಅಷ್ಟು ಜಂಬದಿಂದ ನಾನು ಆವರೆಗೆ ಯಾರ ಮುಂದೆಯೂ ಆ ಮಾತು ಹೇಳಿರಲಿಲ್ಲ.

ಅವರು ಎದ್ದು, ಮೂಲೆಯ ಖಾಲಿ ತೊಟ್ಟಿಯ ಧೂಳು ಒರೆಸಿ, “ಇನ್ನಿದು ಮೀನಿಗಮ್ಮ” ಎನ್ನುತ್ತ ಅದಕ್ಕೆ ನೀರಿನ ಪೈಪು ಹಾಕಿದರು. ಅರ್ಧ ತುಂಬುವವರೆಗೂ ನಿಂತು ನೋಡಿದೆ. ಮನೆಗೆ ಬಂದು ಅದನ್ನು ಬಲಪುಟದಲ್ಲಿ ಬರೆಯುತ್ತಿದ್ದಾಗ ಅಮ್ಮ ಬಂದು ಪಕ್ಕದಲ್ಲಿ ಕುಳಿತಳು. ಏನು ಬರೆದೆ ಎಂದು ಕೇಳಿದಳು. ಓದಿ ಹೇಳಿದೆ.

“ನನ್ ಪುಟ್ದಲ್ಲೂ ಬರ್ಕೋ” ಎಂದಳು.